ಬೆವರಿನ ಮೇಲೊಂದು ಅಪವಾದ

ಬೆವರುವುದು ಒಂದು ತಪ್ಪೆಂದು ನನಗೆ ತಿಳಿದದ್ದು ಎಪ್ಪತ್ತು ದಾಟಿದ ಮೇಲೆ. ತಿಳಿಸಿದವರು ವೈದ್ಯರಲ್ಲ, ಧರ್ಮಶಾಸ್ತ್ರ ಬಲ್ಲವರೂ ಅಲ್ಲ. ಪಟ್ಟಣದ ಒಂದು ತಂಪು ಕೋಣೆಯಲ್ಲಿ ಗಾಜಿನ ಮೇಜಿನ ಆಚೆ ಕುಳಿತಿದ್ದ ಒಬ್ಬ ಸಭ್ಯ ತರುಣ.

ನಡೆದದ್ದು ಇಷ್ಟು. ದಿನವೂ ನಡೆಯಬೇಕು, ನಾಡಿಬಡಿತದ ಮೇಲೆ ಒಂದು ಕಣ್ಣಿಟ್ಟಿರಬೇಕು ಎಂದು ವೈದ್ಯರು ಹೇಳಿದ ಮೇಲೆ ಮಗಳು ನನಗೊಂದು ಸ್ಮಾರ್ಟ್ ವಾಚು ಕೊಡಿಸಿದ್ದಳು. ಎರಡು ಮಳೆಗಾಲ ಅದು ನನ್ನ ಕೈಯಲ್ಲಿ ಚೆನ್ನಾಗಿಯೇ ಇತ್ತು. ಕಳೆದ ಸೋಣ ತಿಂಗಳಿನ ಒಂದು ರಾತ್ರಿ ಚಾರ್ಜಿಗೆ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಅದರ ಮುಖ ಕಪ್ಪಾಗಿಯೇ ಇತ್ತು. ಮಗುಚಿ ನೋಡಿದೆ. ಬೆನ್ನಿನಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಎರಡು ಲೋಹದ ಬೊಟ್ಟುಗಳಿವೆ. ವಿದ್ಯುತ್ತು ಒಳಗೆ ಹೋಗುವುದು ಅವುಗಳ ಮೂಲಕವೇ. ಒಂದು ಬೊಟ್ಟು ಕೊಂಡ ದಿನದಂತೆಯೇ ಹೊಳೆಯುತ್ತಿತ್ತು. ಇನ್ನೊಂದರ ಸುತ್ತ ಹಸಿರು ಕಿಲುಬು, ನಡುವೆ ಕಪ್ಪಗಿನ ಸಣ್ಣ ಗುಳಿ.

ಆ ತರುಣ ಭೂತಗನ್ನಡಿಯಲ್ಲಿ ನೋಡಿ ಹೇಳಿದ: "ಕರೋಷನ್ ಆಗಿದೆ ಸರ್. ಬೆವರು. ಇದು ವಾರಂಟಿಗೆ ಬರುವುದಿಲ್ಲ."

"ಆ ಪಿನ್ನು ಒಂದನ್ನು ಬದಲಾಯಿಸಿದರೆ ಸಾಕಲ್ಲ?" ಎಂದೆ.

"ಪಾರ್ಟ್ಸ್ ಬರುವುದಿಲ್ಲ ಸರ್. ಹೊಸತೇ ತಗೊಳ್ಬೇಕಷ್ಟೆ. ಹಳತನ್ನು ಕೊಟ್ಟರೆ ಸ್ವಲ್ಪ ಕಡಿಮೆ ಮಾಡಿ ಕೊಡ್ತೇವೆ."

ಅವನ ಮೇಲೆ ನನಗೆ ಸಿಟ್ಟಿಲ್ಲ. ಹೇಳಿಕೊಟ್ಟ ಮಾತನ್ನು ಒಪ್ಪಿಸುವ ಕೆಲಸ ಅವನದು. ಕಂಪೆನಿಯ ಹೆಸರೂ ಇಲ್ಲಿ ಬೇಡ; ಹೆಸರು ಯಾವುದಾದರೂ ಉತ್ತರ ಇದೇ ಎಂದು ಆಮೇಲೆ ವಿಚಾರಿಸಿದಾಗ ಹಲವರಿಂದ ಕೇಳಿದೆ. ನನ್ನ ಜಗಳ ಏನಿದ್ದರೂ ಆ ಒಂದು ಪದದೊಡನೆ. ಬೆವರು!

ಯೋಚಿಸಿ. ಇದು ಗೋಡೆಗೆ ತೂಗುಹಾಕುವ ಗಡಿಯಾರವಲ್ಲ. ಮೈಚರ್ಮಕ್ಕೆ ತಾಗಿಸಿ ಹಗಲಿರುಳು ಕಟ್ಟಿಕೊಳ್ಳಲೆಂದೇ ಮಾಡಿದ ವಸ್ತು. ಜಾಹೀರಾತಿನಲ್ಲಿ ಇದನ್ನು ಕಟ್ಟಿಕೊಂಡವರು ಓಡುತ್ತಾರೆ, ಬೆಟ್ಟ ಹತ್ತುತ್ತಾರೆ, ಅವರ ಹಣೆಯಿಂದ ಬೆವರ ಹನಿ ಬೀಳುವುದನ್ನೇ ಅಂದವಾಗಿ ತೋರಿಸುತ್ತಾರೆ. ಮಾರುವಾಗ ಬೆವರು ಅಲಂಕಾರ. ಕೆಟ್ಟಾಗ ಅದೇ ಬೆವರು ಗಿರಾಕಿಯ ಅಪರಾಧ. ಕೊಡೆ ಮಾರಿದವನು "ನೀವು ಇದನ್ನು ಮಳೆಯಲ್ಲಿ ಬಿಡಿಸಿದ್ದೀರಿ, ಹಾಗಾಗಿ ನಮ್ಮ ಹೊಣೆಯಿಲ್ಲ" ಎಂದರೆ ನಮ್ಮ ಊರಿನಲ್ಲಿ ಅವನಿಗೆ ಎರಡನೆಯ ಕೊಡೆ ಮಾರಲು ಸಾಧ್ಯವಾಗದು. ಈ ಜಾಣತನ ವಾಚಿನ ಅಂಗಡಿಯಲ್ಲಿ ಮಾತ್ರ ನಡೆಯುತ್ತದೆ.

"ನೀರು ತಾಗಿದರೂ ಕೆಡುವುದಿಲ್ಲ ಎಂದು ಡಬ್ಬಿಯ ಮೇಲೆ ಬರೆದಿದ್ದಾರಲ್ಲ?" ಎಂದು ನೀವು ಕೇಳಬಹುದು. ಬರೆದದ್ದು ಸುಳ್ಳಲ್ಲ, ಆದರೆ ಪೂರ್ತಿ ಸತ್ಯವೂ ಅಲ್ಲ. ಆ ಪರೀಕ್ಷೆಯನ್ನು ಮಾಡುವುದು ಶುದ್ಧವಾದ ಸಿಹಿನೀರಿನಲ್ಲಿ. ಅದರಲ್ಲಿ ನೋಡುವುದು ನೀರು ಒಳಕ್ಕೆ ಹೋಯಿತೇ ಇಲ್ಲವೇ ಎಂಬುದನ್ನು ಮಾತ್ರ. ಹೊರಮೈಯಲ್ಲಿ ತೆರೆದುಕೊಂಡಿರುವ ಆ ಎರಡು ಬೊಟ್ಟುಗಳು ಉಪ್ಪುಬೆವರಿನಲ್ಲಿ ಎಷ್ಟು ಕಾಲ ಬಾಳುತ್ತವೆ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಈಗ ಸ್ವಲ್ಪ ಪಾಠ. ನನ್ನ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು: ಗಾಜಿನ ಬೀಕರಿನಲ್ಲಿ ಮೈಲುತುತ್ತದ ನೀಲಿ ದ್ರಾವಣ, ಅದರಲ್ಲಿ ಎರಡು ತಾಮ್ರದ ತಗಡುಗಳು, ಹೊರಗೆ ಟಾರ್ಚಿನ ಬ್ಯಾಟರಿ. ಧನ ತುದಿಗೆ ಕಟ್ಟಿದ ತಗಡು ಕರಗುತ್ತಾ ತೆಳ್ಳಗಾಗುತ್ತದೆ. ಋಣ ತುದಿಗೆ ಕಟ್ಟಿದ್ದು ದಪ್ಪಗಾಗುತ್ತದೆ. ನನ್ನ ವಾಚಿನ ಬೆನ್ನಿನಲ್ಲಿ ನಡೆದದ್ದು ಈ ಪ್ರಯೋಗದ ತಮ್ಮನೇ. ಬೆವರೆಂದರೆ ಬರಿಯ ನೀರಲ್ಲ. ಅದರಲ್ಲಿ ಅಡುಗೆಯ ಉಪ್ಪು ಇದೆ, ಲ್ಯಾಕ್ಟಿಕ್ ಆಮ್ಲವಿದೆ, ಯೂರಿಯಾ ಇದೆ. ಸಾಮಾನ್ಯವಾಗಿ ಅದು ತುಸು ಆಮ್ಲೀಯ. ವಾಚನ್ನು ಕೈಯಿಂದ ಬಿಚ್ಚಿ ಹಸಿಯಾಗಿಯೇ ಚಾರ್ಜರಿನ ಮೇಲೆ ಇಟ್ಟರೆ ಕೆಲವೇ ಮಿಲಿಮೀಟರು ಅಂತರದ ಆ ಎರಡು ಬೊಟ್ಟುಗಳ ನಡುವೆ ಉಪ್ಪುನೀರಿನ ತೆಳುಪದರ. ಅದರ ಮೇಲೆ 5 ವೋಲ್ಟಿನ ಒತ್ತಡ. ನೀರು ವಿಭಜನೆಯಾಗಲು ಒಂದೂಕಾಲು ವೋಲ್ಟಿನಷ್ಟು ಇದ್ದರೆ ಸಾಕು. ಆದ್ದರಿಂದಲೇ ಧನ ತುದಿಯ ಬೊಟ್ಟು ಮಾತ್ರ ತಿಂದುಹೋಗಿ, ಋಣ ತುದಿಯದ್ದು ಹೊಳೆಯುತ್ತಾ ಉಳಿದದ್ದು. ಬೆವರೊಂದೇ ಕಾರಣವಾಗಿದ್ದರೆ ಎರಡೂ ಸಮನಾಗಿ ಕೆಡಬೇಕಿತ್ತಲ್ಲ? ಒಂದೇ ಕೈಯ ಒಂದೇ ಬೆವರು ಒಂದು ಬೊಟ್ಟಿಗೆ ವಿಷವಾಗಿ, ಮಗ್ಗುಲಿನದಕ್ಕೆ ಅಮೃತವಾದದ್ದು ಹೇಗೆ? ಅಪರಾಧದಲ್ಲಿ ವಿದ್ಯುತ್ತಿನ ಪಾಲೂ ಉಂಟು. ಆ ವಿದ್ಯುತ್ತಿಗೆ ದಾರಿ ಹಾಕಿದವರು ನಾವಲ್ಲ. ಒಳಗಿನ ಬ್ಯಾಟರಿಯ ಒತ್ತಡ ಹೊರಗಿನ ಬೊಟ್ಟುಗಳಿಗೆ ಸೋರದಂತೆ ತಡೆಯುವ ಏರ್ಪಾಡು ಸರಿಯಿಲ್ಲದಿದ್ದರಂತೂ ಚಾರ್ಜರಿಲ್ಲದೆಯೇ, ಕೈಯಲ್ಲಿ ಇರುವಷ್ಟು ಹೊತ್ತೂ ಈ ಕೊರೆತ ನಡೆಯುತ್ತದೆ.

ಆ ಬೊಟ್ಟಿಗೆ ಚಿನ್ನದ ಲೇಪನವಿರುತ್ತದೆಂದು ಹೇಳುತ್ತಾರೆ. ಸಾಮಾನ್ಯವಾಗಿ ಇರುತ್ತದೆ ಕೂಡ. ಒಳಗೆ ತಾಮ್ರ ಇಲ್ಲವೇ ಹಿತ್ತಾಳೆ, ಅದರ ಮೇಲೆ ನಿಕ್ಕಲ್, ಅದರ ಮೇಲೆ ಹೆಸರಿಗಷ್ಟು ಚಿನ್ನ. ಚಿನ್ನಕ್ಕೆ ಕಿಲುಬಿಲ್ಲ, ನಿಜ. ಆದರೆ ಆ ತೆಳುಪದರ ಸವೆದು ಒಂದು ಕೂದಲೆಳೆಯಷ್ಟು ರಂಧ್ರ ಬಿದ್ದರೂ ಅಡಿಯ ಬಡ ಲೋಹ ಮೇಲಿನ ಚಿನ್ನದೊಡನೆ ಸೇರಿ ತಾನೇ ಒಂದು ಪುಟ್ಟ ವಿದ್ಯುತ್ಕೋಶವಾಗುತ್ತದೆ. ಚಿನ್ನ ಸುರಕ್ಷಿತವಾಗಿ ಉಳಿಯುತ್ತದೆ; ಬಡ ಲೋಹ ಬರಿದೇ ಇದ್ದುದಕ್ಕಿಂತಲೂ ಬೇಗ ಕರಗುತ್ತದೆ. (ಇದರಲ್ಲಿ ಬೇರೆ ಅರ್ಥ ಹುಡುಕುವವರು ಹುಡುಕಲಿ, ನಾನು ರಸಾಯನಶಾಸ್ತ್ರ ಮಾತ್ರ ಹೇಳುತ್ತಿದ್ದೇನೆ.)

ನಮ್ಮ ಹಿರಿಯರಿಗೆ ಈ ಸಂಗತಿ ಹೊಸತಾಗಿರಲಿಲ್ಲ. ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಕುದಿಸಬಾರದೆಂದು ಅಕ್ಷರ ಬಾರದ ಅಜ್ಜಿಗೂ ಗೊತ್ತಿತ್ತು. ಅದಕ್ಕಾಗಿಯೇ ಕಲಾಯಿ. ವರ್ಷಕ್ಕೊಮ್ಮೆ ಕಲಾಯಿಯವನು ತಿದಿ ಹೊತ್ತುಕೊಂಡು ಬರುತ್ತಿದ್ದ, ಅಂಗಳದ ಮೂಲೆಯಲ್ಲಿ ಗುಳಿ ತೋಡಿ ಇದ್ದಿಲು ಉರಿಸುತ್ತಿದ್ದ. ಕಾದ ಪಾತ್ರೆಗೆ ನವಸಾಗರ ಹಾಕಿ ಉಜ್ಜಿದರೆ ಬಿಳಿ ಹೊಗೆ ಎದ್ದು ಕಿಲುಬೆಲ್ಲ ಬಿಡುತ್ತಿತ್ತು. ತವರ ಸವರಿದರೆ ಒಳಗೆಲ್ಲ ಬೆಳ್ಳಿಯ ಹೊಳಪು. ಗಮನಿಸಿ: ಕಲಾಯಿ ಹೋಗುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ಶಾಶ್ವತವೆಂದು ಯಾರೂ ಮಾತು ಕೊಟ್ಟಿರಲಿಲ್ಲ. ಆದರೆ ಕಲಾಯಿ ಹೋಯಿತೆಂದು ಯಾರೂ ಚರಿಗೆಯನ್ನು ತೋಡಿಗೆ ಎಸೆಯುತ್ತಿರಲಿಲ್ಲ. ಮತ್ತೆ ಕಲಾಯಿ ಹಾಕುವವನೊಬ್ಬ ಇದ್ದಾನೆ, ಹಾಕಲು ಸಾಧ್ಯವಾಗುವಂತೆಯೇ ಪಾತ್ರೆಯೂ ಇದೆ. ಈ ಎರಡು ಸಂಗತಿಗಳ ಮೇಲೆ ಒಂದು ಇಡೀ ಅಡುಗೆಮನೆ ಮೂರು ತಲೆಮಾರು ನಡೆಯುತ್ತಿತ್ತು.

ತೋಟದ ಮಾತಿಗೆ ಬರುವುದಾದರೆ, ಕೊಳೆರೋಗಕ್ಕೆ ಮದ್ದು ಬಿಡುವ ನಮ್ಮವರಿಗೆ ಲೋಹದ ಗುಣ ಇನ್ನೂ ಚೆನ್ನಾಗಿ ಗೊತ್ತು. ಅಡಿಕೆಯ ಕೊಳೆರೋಗದ ಬಗ್ಗೆ ಮೈಸೂರಿನಲ್ಲಿ ಲೆಸ್ಲಿ ಕೋಲ್ಮನ್ 1910ರಷ್ಟು ಹಿಂದೆಯೇ ಬರೆದರು. 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹದ ಸರಿಯಾಯಿತೇ ಎಂದು ನೋಡಲು ಹೊಳೆಯುವ ಕತ್ತಿಯನ್ನು ಅದ್ದುತ್ತಾರೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕುಳಿತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ತುತ್ತ ಕರಗಿಸಲು ಕಬ್ಬಿಣದ ಪಾತ್ರೆ ಆಗದೆಂದು ಕೂಲಿಗೆ ಬರುವವನೂ ಬಲ್ಲ. ಅಂಥ ಪಾತ್ರೆಯನ್ನು ಮಾರಿ, ಅದು ತೂತಾದಾಗ "ನಿಮ್ಮ ತುತ್ತವೇ ಸರಿಯಿಲ್ಲ" ಎನ್ನುವ ವ್ಯಾಪಾರಿಯನ್ನು ಕುಂಬ್ರ ಪೇಟೆಯಲ್ಲಿ ಯಾರು ನಂಬಿಯಾರು?

ಈ ತರ್ಕವನ್ನೆಲ್ಲ ನಾನು ಮೊನ್ನೆ ಪುತ್ತೂರಿನ ಒಂದು ಮದುವೆ ಮನೆಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನ ಮುಂದಿಟ್ಟೆ. ಅವನು ಬೆಂಗಳೂರಿನಲ್ಲಿ ಇಂಥದ್ದೇ ಸಾಧನಗಳನ್ನು ರೂಪಿಸುವ ಇಂಜಿನಿಯರು. ಒಳ್ಳೆಯ ಹುಡುಗ, ಒಳ್ಳೆಯ ತಲೆ. ಊಟದ ಪಂಕ್ತಿಯಲ್ಲಿ ಸಾರು ಬರುವಲ್ಲಿಂದ ಮಜ್ಜಿಗೆ ಬರುವವರೆಗೆ ಅವನು ಮೂರು ಮಾತುಗಳನ್ನು ಹೇಳಿದ. ಮೂರಕ್ಕೂ ಅಲ್ಲಿ ಸರಿಯಾಗಿ ಉತ್ತರಿಸಲು ಆಗಲಿಲ್ಲ; ಇಲ್ಲಿ ಉತ್ತರಿಸುತ್ತೇನೆ.

ಮೊದಲನೆಯದು: "ಮಾಷ್ಟ್ರೇ, ಎರಡು–ಮೂರು ಸಾವಿರದ ವಸ್ತು. ರಿಪೇರಿಗೆ ಕೊಡುವ ಸಂಬಳವೇ ಅದಕ್ಕಿಂತ ಹೆಚ್ಚಾಗ್ತದೆ." ಅಗ್ಗ ಯಾರಿಗೆ? ಪರದೆ ಸರಿಯಿದೆ, ಬ್ಯಾಟರಿ ಸರಿಯಿದೆ, ನಾಡಿ ನೋಡುವ ದೀಪ ಸರಿಯಿದೆ. ಸಾಸಿವೆಯಷ್ಟು ಲೋಹ ಹೋದುದಕ್ಕೆ ಇಡೀ ವಸ್ತು ಕಸ. ಕಸವಾದ ಮೇಲೆ ಅದರ ಲಿಥಿಯಂ ಬ್ಯಾಟರಿ ಯಾವ ತಿಪ್ಪೆಗೆ ಹೋಗುತ್ತದೆ, ಯಾವ ತೋಡಿನ ನೀರಿಗೆ ಸೇರುತ್ತದೆ ಎಂಬುದರ ಲೆಕ್ಕ ಆ ಬೆಲೆಯಲ್ಲಿ ಸೇರಿಲ್ಲ. ಆ ಬಾಕಿಯನ್ನು ಪಂಚಾಯತಿನವರೂ ನೆರೆಕರೆಯವರೂ ಕಟ್ಟುತ್ತಾರೆ. ಬೇರೆಯವರು ತೆರುವ ಹಣವನ್ನು ಬಿಟ್ಟು ಲೆಕ್ಕ ಹಾಕಿದರೆ ಯಾವ ವಸ್ತುವೂ ಅಗ್ಗವೇ.

ಎರಡನೆಯದು: "ನೀರು ಹೋಗದ ಹಾಗೆ ಅಂಟು ಹಾಕಿ ಮುಚ್ಚಿರ್ತೇವೆ. ಬಿಚ್ಚುವ ಹಾಗೆ ಮಾಡಿದರೆ ನೀರು ಹೋಗ್ತದೆ." ಇದರಲ್ಲಿ ಹುರುಳಿದೆ, ಇಲ್ಲವೆನ್ನಲಾರೆ. ಆದರೆ ತಿರುಪು ಮತ್ತು ರಬ್ಬರಿನ ಉಂಗುರದಿಂದ ನೀರನ್ನು ತಡೆಯುವ ವಿದ್ಯೆ ವಾಚಿನವರಿಗೆ ಎಷ್ಟೋ ದಶಕಗಳಿಂದ ಗೊತ್ತಿದೆ. ಅದೂ ಬೇಡವೆಂದರೆ, ಲೋಹದ ಬೊಟ್ಟೇ ಇಲ್ಲದೆ ಸುರುಳಿಯಿಂದ ಸುರುಳಿಗೆ ಕಾಂತೀಯ ಪ್ರೇರಣೆಯಿಂದ ಚಾರ್ಜಾಗುವ ವಾಚುಗಳು ಮಾರುಕಟ್ಟೆಯಲ್ಲಿವೆ. ಅವು ದುಬಾರಿ, ಅವುಗಳಲ್ಲಿ ಸ್ವಲ್ಪ ವಿದ್ಯುತ್ತು ಶಾಖವಾಗಿ ವ್ಯರ್ಥವಾಗುತ್ತದೆ, ಒಪ್ಪಿದೆ. ಹಾಗಿದ್ದರೆ ಬೊಟ್ಟನ್ನೇ ಇಡಿ. ಆದರೆ ಹೊರಗಿನಿಂದ ತಿರುಪಿ ಬದಲಾಯಿಸುವಂತೆ ಇಡಿ. ಚಾರ್ಜ್ ಆಗದ ಹೊತ್ತಿನಲ್ಲಿ ಅದರಲ್ಲಿ ವೋಲ್ಟೇಜು ಉಳಿಯದಂತೆ ಮಾಡಿ. ಲೇಪನವನ್ನು ಸ್ವಲ್ಪ ದಪ್ಪಗೆ ಹಾಕಿ. ಸಾಧ್ಯವಿಲ್ಲವೆಂಬ ಉತ್ತರ ಬೇರೆ, ಬೇಡವೆಂಬ ಉತ್ತರ ಬೇರೆ. ಒಂದನ್ನು ಇನ್ನೊಂದರ ವೇಷದಲ್ಲಿ ಕಳುಹಿಸಬಾರದು.

ಇಂಗ್ಲೆಂಡಿನ ಹಂಫ್ರಿ ಡೇವಿಯ ಹೆಸರನ್ನು ಅವನಿಗೆ ನೆನಪಿಸಬೇಕಿತ್ತು. ಹಡಗುಗಳ ಅಡಿಗೆ ಹೊಡೆದ ತಾಮ್ರದ ತಗಡು ಸಮುದ್ರದ ನೀರಿನಲ್ಲಿ ಕೊರೆದುಹೋಗುತ್ತಿತ್ತು. ನೌಕಾಪಡೆಯವರು ಕೇಳಿದಾಗ ಡೇವಿ "ಸಮುದ್ರ ಉಪ್ಪಾಗಿದೆ, ನಮ್ಮ ಹೊಣೆಯಲ್ಲ" ಎನ್ನಲಿಲ್ಲ. 1824ರಲ್ಲಿ ತಾಮ್ರಕ್ಕೆ ಸತುವು ಮತ್ತು ಕಬ್ಬಿಣದ ತುಂಡುಗಳನ್ನು ತಾಗಿಸಿ, ತಾಮ್ರದ ಬದಲು ಅವು ಕರಗುವಂತೆ ಮಾಡಿ ತೋರಿಸಿದ. ಆಮೇಲೆ ಕರಗದ ತಾಮ್ರದ ಮೇಲೆ ಚಿಪ್ಪಿನ ಜೀವಿಗಳು ಅಂಟಿಕೊಂಡು ಬೇರೊಂದು ತೊಂದರೆಯಾಯಿತು, ನೌಕಾಪಡೆ ಅದನ್ನು ಕೈಬಿಟ್ಟಿತು. ಆದರೆ ಅದೇ ತತ್ವ ಇಂದು ಉಕ್ಕಿನ ಹಡಗುಗಳನ್ನೂ ನೆಲದಡಿಯ ಕೊಳವೆಗಳನ್ನೂ ಕಾಯುತ್ತಿದೆ. ಉಪ್ಪುನೀರು ಇದ್ದೇ ಇರುತ್ತದೆಂದು ಒಪ್ಪಿಕೊಂಡು ಅಲ್ಲಿಂದ ಹೊರಟದ್ದರಿಂದ ಅವನಿಗೆ ದಾರಿ ಕಂಡಿತು.

ಮೂರನೆಯದು: "ಎರಡು ವರ್ಷಕ್ಕೆ ಜನರಿಗೇ ಹೊಸತು ಬೇಕು ಮಾಷ್ಟ್ರೇ." ಬೇಕಾದವರು ಧಾರಾಳವಾಗಿ ಕೊಳ್ಳಲಿ, ಅವರನ್ನು ತಡೆದವರಾರು? ಆದರೆ ಹೊಸತು ಬೇಡದವನಿಗೆ, ಬೇಕಾದರೂ ಕೊಳ್ಳಲಾಗದವನಿಗೆ ಹಳತನ್ನು ಉಳಿಸಿಕೊಳ್ಳುವ ದಾರಿಯನ್ನೂ ಮುಚ್ಚಿ, ಆಮೇಲೆ "ಜನರ ಇಷ್ಟವೇ ಇದು" ಎನ್ನುವುದು ನ್ಯಾಯವಲ್ಲ. ಒಂದೇ ಬಾಗಿಲಿರುವ ಕೋಣೆಯಿಂದ ಎಲ್ಲರೂ ಆ ಬಾಗಿಲಿನಿಂದಲೇ ಹೊರಬರುತ್ತಾರೆ.

ನಾನು ಹಳೆಯ ಕಾಲವನ್ನು ಹೊಗಳುವ ಮುದುಕನೆಂದು ನನ್ನ ಮೊಮ್ಮಕ್ಕಳ ಆರೋಪ. ಹಾಗಾಗಿ ಒಂದು ಸತ್ಯ ಹೇಳಿಬಿಡುತ್ತೇನೆ. ನನ್ನ ಕೀಲಿ ಕೊಡುವ ಎಚ್‌ಎಂಟಿ ವಾಚು ಮಳೆಗಾಲದಲ್ಲಿ ಎಷ್ಟೋ ಸಲ ನಿಂತಿದೆ. ಗಾಜಿನೊಳಗೆ ಹಬೆ ಕಟ್ಟಿ ಗಂಟೆ ಕಾಣದಂತಾಗಿದೆ. ಮುಳ್ಳಿಗೆ ತುಕ್ಕು ಹಿಡಿದಿದೆ. ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಕಾರ್ಖಾನೆ ಕೆಡದ ವಾಚು ಮಾಡಲಿಲ್ಲ; ಬಿಚ್ಚಲಾಗುವ ವಾಚು ಮಾಡಿತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತವನು ಪೇಟೆ ಪೇಟೆಯಲ್ಲಿದ್ದ. ಅವನ ಡಬ್ಬಿಗಳಲ್ಲಿ ಬಿಡಿಭಾಗಗಳಿದ್ದವು. 2016ರಲ್ಲಿ ಕೇಂದ್ರ ಸರಕಾರ ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ತೀರ್ಮಾನಿಸಿತು. ಮಾಡಿದ ಕಂಪೆನಿ ಹೋಯಿತು, ನನ್ನ ವಾಚು ಇನ್ನೂ ನಡೆಯುತ್ತಿದೆ. ಈ ಸ್ಮಾರ್ಟ್ ವಾಚಿನ ಕಂಪೆನಿ ಭರ್ಜರಿಯಾಗಿ ನಡೆಯುತ್ತಿದೆ, ವಾಚು ಹೋಯಿತು.

ಹೋಯಿತೆಂದೇ ಎಣಿಸಿದ್ದೆ. ಆಮೇಲೆ ಕುಂಬ್ರ ಪೇಟೆಯಲ್ಲಿ ಮೊಬೈಲು ರಿಪೇರಿ ಮಾಡುವ ಒಬ್ಬನ ಬಳಿಗೆ ಹೋದೆ. ಅವನೂ ನನ್ನ ಶಿಷ್ಯನೇ. ಒಂಬತ್ತನೆಯ ತರಗತಿಯಲ್ಲಿದ್ದಾಗ ಶಾಲೆಯ ವಿದ್ಯುತ್ ಗಂಟೆಯನ್ನು ಬಿಚ್ಚಿ ಹಾಕಿದ್ದಕ್ಕೆ ಅವನನ್ನು ನಾನು ಒಂದು ಇಡೀ ಮಧ್ಯಾಹ್ನ ಜಗಲಿಯಲ್ಲಿ ನಿಲ್ಲಿಸಿದ್ದೆ. ಗಂಟೆ ಆಮೇಲೆ ಮೊದಲಿಗಿಂತ ಜೋರಾಗಿ ಬಾರಿಸುತ್ತಿತ್ತೆಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವನು ವಾಚನ್ನು ಮಗುಚಿ ನೋಡಿದ, "ಬೆವರು" ಎನ್ನಲಿಲ್ಲ. "ಪ್ಲಸ್ ಹೋಗಿದೆ ಮಾಷ್ಟ್ರೇ" ಎಂದ. ಹತ್ತು ವರ್ಷ ನಾನು ಪಾಠ ಮಾಡಿದ್ದೆಲ್ಲ ಆ ಎರಡು ಪದಗಳಲ್ಲಿತ್ತು.

ಸ್ಪಿರಿಟ್ಟಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ಕಿಲುಬನ್ನು ತೆಗೆದ. ಅಡಿಯಲ್ಲಿ ಲೋಹದ ಮೋಟು ಉಳಿದಿತ್ತು. ಸುತ್ತಲಿನ ಪ್ಲಾಸ್ಟಿಕ್ಕಿಗೆ ಶಾಖ ತಾಗದಂತೆ ಟೇಪು ಅಂಟಿಸಿ, ಕಾದ ಸೋಲ್ಡರಿಂಗ್ ಕಡ್ಡಿಯ ತುದಿಯಿಂದ ಒಂದೇ ಒಂದು ಕ್ಷಣ ಮುಟ್ಟಿಸಿ, ಸೀಸವಿಲ್ಲದ ತವರದ ಒಂದು ಹನಿಯನ್ನು ಕೂರಿಸಿದ. ಉಜ್ಜಿ ಸಮ ಮಾಡಿದ. ಚಾರ್ಜರಿಗೆ ಇಟ್ಟ ಎರಡು ನಿಮಿಷದಲ್ಲಿ ವಾಚಿನ ಮುಖ ಬೆಳಗಿತು. ನವಸಾಗರದ ಹೊಗೆಯೊಂದಿಲ್ಲ, ಉಳಿದದ್ದೆಲ್ಲ ನನ್ನ ಬಾಲ್ಯದ ಅಂಗಳದ ಕಲಾಯಿಯೇ. ನೂರೈವತ್ತು ರೂಪಾಯಿ ತೆಗೆದುಕೊಂಡ, ಅದಕ್ಕೂ ಸಂಕೋಚ. "ಇದು ಪರ್ಮನೆಂಟ್ ಅಲ್ಲ ಮಾಷ್ಟ್ರೇ, ತವರ ಸವೆಯುತ್ತದೆ. ಬರುವ ಮಳೆಗಾಲಕ್ಕೆ ಮುಂಚೆ ಒಮ್ಮೆ ತನ್ನಿ" ಎಂದ. ಆ ತಂಪು ಕೋಣೆಯಲ್ಲಿ ಯಾರೂ ಇಷ್ಟು ಪ್ರಾಮಾಣಿಕವಾದ ವಾರಂಟಿ ಕೊಟ್ಟಿರಲಿಲ್ಲ.

ಆದರೆ ಅವನ ಮಾತಿನ ಉಳಿದ ಭಾಗ ನನ್ನನ್ನು ಇನ್ನೂ ಕೊರೆಯುತ್ತಿದೆ. ಅಂಗಡಿಯನ್ನು ಎಷ್ಟು ವರ್ಷ ನಡೆಸಿಯೇನೋ ಗೊತ್ತಿಲ್ಲ ಎಂದ. ಬರುವ ವಸ್ತುಗಳಲ್ಲಿ ಹೆಚ್ಚಿನವು ಅಂಟು ಹಾಕಿದವು, ಬಿಡಿಭಾಗ ಸಿಗುವುದಿಲ್ಲ, ನಕ್ಷೆಯನ್ನು ಕಂಪೆನಿ ಕೊಡುವುದಿಲ್ಲ. ಕೈಯಲ್ಲಿ ವಿದ್ಯೆಯಿದೆ, ವಸ್ತು ಬಾಗಿಲು ತೆರೆಯುವುದಿಲ್ಲ. ಕಲಾಯಿಯವನು ನಮ್ಮ ಊರಿಗೆ ಬರುವುದನ್ನು ಯಾವ ವರ್ಷ ನಿಲ್ಲಿಸಿದನೆಂದು ನಮ್ಮಲ್ಲಿ ಯಾರಿಗೂ ನೆನಪಿಲ್ಲ. ಇವನೂ ಹಾಗೆಯೇ ಒಂದು ದಿನ ಇಲ್ಲವಾದರೆ ನಮಗೆ ಗೊತ್ತಾಗುವುದು ವಸ್ತು ಕೆಟ್ಟ ದಿನವೇ.

ಲೋಕದಲ್ಲಿ ಇದಕ್ಕಾಗಿ ಹೋರಾಟ ನಡೆಯುತ್ತಿಲ್ಲವೆಂದಲ್ಲ. ಐರೋಪ್ಯ ಒಕ್ಕೂಟ 2024ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ನಿರ್ದೇಶನವನ್ನೇ ಹೊರಡಿಸಿದೆ. ಸಾಧನಗಳ ಬ್ಯಾಟರಿಯನ್ನು ಬಳಕೆದಾರನೇ ತೆಗೆದು ಬದಲಾಯಿಸುವಂತಿರಬೇಕೆಂದು 2023ರಲ್ಲಿ ಮಾಡಿದ ಅವರ ನಿಯಮ 2027ರ ಫೆಬ್ರವರಿ 18ರಿಂದ ಅನ್ವಯವಾಗುವಂಥದ್ದು. ನೀರಿನಲ್ಲಿ ಬಳಸುವ ಕೆಲವು ಸಾಧನಗಳಿಗೆ ಅದರಲ್ಲಿ ರಿಯಾಯಿತಿಯೂ ಇದೆ. ನಮ್ಮ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ಮಾಡಿತು, ಅದೇ ಡಿಸೆಂಬರಿನ ಗ್ರಾಹಕ ದಿನದಂದು ದುರಸ್ತಿ ಹಕ್ಕಿನ ಜಾಲತಾಣ ತೆರೆಯಿತು. ಕೃಷಿ ಯಂತ್ರ, ಮೊಬೈಲು, ಮನೆಬಳಕೆಯ ಯಂತ್ರ, ವಾಹನ ಎಂಬ ನಾಲ್ಕು ವಿಭಾಗಗಳು ಅದರಲ್ಲಿವೆ. ಒಳ್ಳೆಯದೇ. ಆದರೆ ಜಾಲತಾಣವೆಂದರೆ ಮಾಹಿತಿ. ಕಂಪೆನಿಗೆ ಕಡ್ಡಾಯ ಮಾಡುವ ಕಾನೂನು ಅದಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಮರುಬಳಕೆಯ ಹೊಣೆ ಹೊರಿಸುತ್ತವೆ. ಹೆಣದ ಸಂಸ್ಕಾರಕ್ಕೆ ನಿಯಮ ಬಂತು. ಚಿಕಿತ್ಸೆಗೆ ಇನ್ನೂ ಬರಬೇಕು.

ಇಷ್ಟು ಬೈದ ಮೇಲೆ ನಮ್ಮ ತಪ್ಪನ್ನೂ ಹೇಳದಿದ್ದರೆ ಅನ್ಯಾಯ. ನಾನು ವಿಜ್ಞಾನದ ಮಾಷ್ಟ್ರನಾಗಿಯೂ ನಡೆದು ಬಂದವನೇ ಹಸಿ ವಾಚನ್ನು ಚಾರ್ಜಿಗೆ ಇಡುತ್ತಿದ್ದೆ. ನೀವು ಹಾಗೆ ಮಾಡಬೇಡಿ. ಬಿಚ್ಚಿದ ಮೇಲೆ ಬೆನ್ನನ್ನು ಸಿಹಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರಸಿ, ಕಾಲು ಗಂಟೆ ಗಾಳಿಗೆ ಬಿಟ್ಟು ಆಮೇಲೆ ಚಾರ್ಜಿಗೆ ಇಡಿ. ಚಾರ್ಜರಿನ ಮೊಳೆಗಳನ್ನೂ ಒರಸಿ. ತುಂಬಿದ ಮೇಲೆ ತೆಗೆದುಬಿಡಿ. ಕಿಲುಬು ಕಂಡರೆ ವಾಚನ್ನು ಆರಿಸಿ, ಐಸೋಪ್ರೊಪೈಲ್ ಸ್ಪಿರಿಟ್ಟಿನಲ್ಲಿ ಅದ್ದಿದ ಮೃದುವಾದ ಬ್ರಷ್ಷಿನಿಂದ, ಬಿಡದಿದ್ದರೆ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಚಾಕು, ಮರಳುಕಾಗದ ಬೇಡ. ಉಳಿದಿರುವ ಚಿನ್ನವೂ ಹೋಗುತ್ತದೆ. ಹಿತ್ತಾಳೆ ದೀಪ ಬೆಳಗಿದ ಅಭ್ಯಾಸದಿಂದ ಹುಣಸೆಹುಳಿ ಮೆತ್ತಲೂಬೇಡಿ ಎಂದು ನನ್ನ ಅಕ್ಕಂದಿರಿಗೆ ವಿಶೇಷ ವಿನಂತಿ.

ಕೊನೆಯದಾಗಿ, ಬೆಂಗಳೂರು, ಪುಣೆ, ಇನ್ನೂ ದೂರದ ಊರುಗಳಲ್ಲಿ ಕುಳಿತು ಇಂಥ ವಸ್ತುಗಳನ್ನು ರೂಪಿಸುತ್ತಿರುವ ನನ್ನ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಒಂದು ಮಾತು. ನಿಮ್ಮ ಪ್ರಯೋಗಾಲಯ ತಂಪಾಗಿರುತ್ತದೆ. ನಿಮ್ಮ ವಸ್ತು ಬಂದು ಸೇರುವ ಊರಿನಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುತ್ತದೆ. ಮಳೆ ಇಲ್ಲದ ತಿಂಗಳುಗಳಲ್ಲಿ ಅಡಿಕೆ ಕೊಯ್ಯುವವನೂ ಕಲ್ಲು ಹೊರುವವನೂ ಬೆವರುತ್ತಾನೆ. ಮುಂದಿನ ನಕ್ಷೆ ಬರೆಯುವಾಗ ಆ ಎರಡು ಬೊಟ್ಟುಗಳ ಹತ್ತಿರ ಒಂದು ಕ್ಷಣ ನಿಲ್ಲಿ. ಜಗಲಿಯಲ್ಲಿ ನಿಂತಿದ್ದ ನಿಮ್ಮ ಸಹಪಾಠಿಗೆ ಅದನ್ನು ಬಿಚ್ಚಲು ಸಾಧ್ಯವಾದೀತೇ ಎಂದು ಕೇಳಿಕೊಳ್ಳಿ. ಸಾಧ್ಯವಿಲ್ಲವಾದರೆ ಮೇಲಿನವರ ಸಭೆಯಲ್ಲಿ ಒಮ್ಮೆ ಕೈಯೆತ್ತಿ ಹೇಳಿ. ತರಗತಿಯಲ್ಲಿ ಕೈಯೆತ್ತಲು ನಿಮಗೆ ಕಲಿಸಿದ್ದು ನಾನೇ. ಆ ಸಲಿಗೆಯಿಂದ ಕೇಳುತ್ತಿದ್ದೇನೆ.

ವಾಚು ಈಗ ಕೈಯಲ್ಲಿದೆ, ನಾಡಿಯ ಲೆಕ್ಕ ಒಪ್ಪಿಸುತ್ತಿದೆ. ಮಳೆ ಹಿಡಿಯುವ ಮುಂಚೆ ಒಮ್ಮೆ ಕುಂಬ್ರ ಪೇಟೆಗೆ ಹೋಗಿ ಕಲಾಯಿ ಹಾಕಿಸಬೇಕು.